ಬಳೆ ತೆಗೆಸಿದ ಸೈಕಲ್ಲು

ಫೆಬ್ರುವರಿ ೪, ಭಾನುವಾರ

ಬಳೆಯ ಕಥೆಯನ್ನು ಮೊದಲು ಹೇಳಿದವನು ನಮ್ಮ ಕ್ಯಾಪ್ಟನ್. ಹೇಳಿದ್ದು ಇವತ್ತು ಬೆಳಿಗ್ಗೆ, ಸೇತುವೆಯಾಚೆಯ ಚಹಾದಂಗಡಿಯಲ್ಲಿ, ನಮ್ಮ ಬೆವರು ಆರುವ ಮೊದಲೇ. ಕ್ಯಾಪ್ಟನ್ ಎಂದರೆ ಸೈನ್ಯದವನೇನಲ್ಲ, ಕನ್ನಡಕದ ಅಂಗಡಿಯವನು. ಭಾನುವಾರದ ನಮ್ಮ ಸೈಕಲ್ ಗುಂಪಿಗೆ ಅವನೇ ಹಿರಿಯ, ಅವನೇ ನ್ಯಾಯಾಧೀಶ.

ಒಬ್ಬ ಸವಾರನಿದ್ದನಂತೆ. ಪ್ರತಿ ವರ್ಷವೂ ಗುಡ್ಡದ ಪಂದ್ಯದಲ್ಲಿ ಒಂದು ಚಕ್ರದಷ್ಟು ಅಂತರದಲ್ಲಿ ಸೋಲುತ್ತಿದ್ದನಂತೆ. ಹ್ಯಾಂಡಲ್ಲು ತಗ್ಗಲೆಂದು ವರ್ಷಕ್ಕೊಂದರಂತೆ ಅದರ ಕೆಳಗಿನ ಬಳೆ ತೆಗೆಸುತ್ತ ಬಂದ. ಬಳೆಯೆಲ್ಲ ಮುಗಿದ ಮೇಲೆ ಮಿಕ್ಕ ಕೊಳವೆಯನ್ನೇ ಕೊಯ್ಯಿಸಿಬಿಟ್ಟ. ಆ ವರ್ಷ ಮೂಗು ಟಯರಿಗೆ ತಾಗುವಷ್ಟು ಬಾಗಿ ತುಳಿದು ಗೆದ್ದ. ಆದರೆ ತುದಿ ಮುಟ್ಟಿದ ಮೇಲೆ ನೆಟ್ಟಗಾಗಲು ಬರಲಿಲ್ಲ. ಪದಕ ಹಾಕಲು ಬಂದ ದೊಡ್ಡ ಮನುಷ್ಯ ಕುಕ್ಕರಗಾಲಲ್ಲಿ ಕೂತು ಕೆಳಗಿನಿಂದ ಹಾಕಬೇಕಾಯಿತಂತೆ. ನಾವು ಚಹಾ ನೆತ್ತಿಗೇರುವಷ್ಟು ನಕ್ಕೆವು.

ನಗು ಇಳಿದ ಮೇಲೆ ಕ್ಯಾಪ್ಟನ್ ನನ್ನ ಸೈಕಲ್ಲಿನ ಕಡೆ ನೋಡಿದ. "ಏನ್ ಹಲ್ಲು, ನೀನಿನ್ನೂ ಬಳೆ ತೊಟ್ಕೊಂಡೇ ಓಡಾಡ್ತಿದ್ದೀಯಾ?"

ಹಲ್ಲು ಎಂದರೆ ನಾನು. ಹಲ್ಲಿಲ್ಲದವರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವುದು ನನ್ನ ಕೆಲಸ. ಗುಂಪಿನಲ್ಲಿ ನನಗೆ ಬೇರೆ ಹೆಸರಿಲ್ಲ.

ಬಳೆಯ ವಿಚಾರವನ್ನು ಮನೆಯಲ್ಲಿ ನನ್ನ ಹೆಂಡತಿಗೆ ವಿವರಿಸಬೇಕು, ಅದಕ್ಕೆ ಇಲ್ಲೇ ಒಮ್ಮೆ ಸರಿಯಾಗಿ ಬರೆದುಕೊಳ್ಳುತ್ತೇನೆ. ಮುಂದಿನ ಚಕ್ರದ ಕವಲಿನಿಂದ ಒಂದು ಕೊಳವೆ ಮೇಲಕ್ಕೆ ಬರುತ್ತದೆ. ಅದರ ತುದಿಗೆ ಅಂಗೈಯಷ್ಟು ಉದ್ದದ ಒಂದು ತುಂಡು, ಆ ತುಂಡಿಗೆ ಹ್ಯಾಂಡಲ್ಲು. ತುಂಡಿನ ಕೆಳಗೆ ಕೊಳವೆಗೆ ತೊಡಿಸಿದ ಉಂಗುರಗಳೇ ಬಳೆ. ಬಳೆ ಇದ್ದಷ್ಟೂ ಹ್ಯಾಂಡಲ್ಲು ಎತ್ತರ, ಸವಾರ ನೆಟ್ಟಗೆ. ತೆಗೆದಷ್ಟೂ ಬೆನ್ನು ಬಾಗುತ್ತದೆ, ಎದೆಗೆ ಬಡಿಯುವ ಗಾಳಿ ಕಡಿಮೆಯಾಗುತ್ತದೆ. ಆಗ ತುಂಡಿನ ಮೇಲೆ ಮಿಕ್ಕಿ ನಿಲ್ಲುವ ಕೊಳವೆಯನ್ನು ಕೊಯ್ದುಹಾಕುತ್ತಾರೆ. ಇಷ್ಟೇ.

ಏಪ್ರಿಲ್ ಕೊನೆಗೆ ನಮ್ಮ ಗುಂಪಿನ ಗುಡ್ಡದ ಪಂದ್ಯ. ಕ್ಯಾಪ್ಟನ್ನನ ಬೆನ್ನು ಬಿಡದೆ ತುದಿ ಮುಟ್ಟಿದವರು ಆಮೇಲೆ ವರ್ಷವಿಡೀ ಸಾಲಿನ ಮುಂದೆ ಓಡಿಸಬಹುದು. ಉಳಿದವರು ಬಾಲ. ಸೇರಿದಾಗಿನಿಂದ ನಾನು ಬಾಲ. ಇನ್ನೊಬ್ಬರ ಹಿಂಚಕ್ರ ನೋಡುವುದರಲ್ಲೇ ನನ್ನ ಭಾನುವಾರಗಳು ಸವೆದವು. ಈ ಸಲ ಬಿಡುವುದಿಲ್ಲ.

ಈ ದಿನಚರಿಯೂ ಕ್ಯಾಪ್ಟನ್ನನ ಸಲಹೆಯೇ. "ಕಿಲೋಮೀಟರ್ ಎಲ್ಲ ಸೈಕಲ್ ಮೀಟರ್‌ನಲ್ಲೇ ಇರುತ್ತೆ. ಮೈ ಹೇಗಿತ್ತು, ಮನಸ್ಸು ಹೇಗಿತ್ತು ಅಂತ ಬರಿ. ಅದೂ ತರಬೇತೀನೇ." ಮೈ ಚೆನ್ನಾಗಿದೆ. ಮನಸ್ಸು ಗುಡ್ಡದ ಮೇಲಿದೆ.

ಫೆಬ್ರುವರಿ ೬, ಮಂಗಳವಾರ

ಬಳೆ ತೆಗೆಸಿದೆ. ಕೊಳವೆಯನ್ನೂ ಕೊಯ್ಯಿಸಿದೆ. ಮೆಕ್ಯಾನಿಕ್ ಗರಗಸ ಕೈಗೆತ್ತಿಕೊಂಡವನು ಒಮ್ಮೆ ನಿಂತ.

"ಬಳೆ ಕೆಳಗಿಂದ ತೆಗೆದು ಮೇಲೆ ಹಾಕಿ ನಾಲ್ಕು ದಿನ ನೋಡಿ ಸಾರ್. ಕೊಯ್ದ ಮೇಲೆ ಇದೇನು ಉಗುರಲ್ಲ, ಮತ್ತೆ ಬೆಳೆಯೋಕೆ."

"ಕೊಯ್ಯಪ್ಪ," ಅಂದೆ. "ಮೇಲಿಟ್ಟರೂ ಬಳೆ ಬಳೆಯೇ ತಾನೆ."

ಮನೆಯಲ್ಲಿ ಇವಳು ಅಚ್ಚಿಗೆ ಪ್ಲಾಸ್ಟರ್ ಸುರಿಯುತ್ತಿದ್ದಳು. ಪ್ಲಾಸ್ಟರ್ ಕಲಸುವುದು, ಸುರಿಯುವುದು, ಕೊನೆಗೆ ಹೊಳಪು ಕೊಡುವುದು ಅವಳ ಪಾಲು. ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸುವುದು ನನ್ನದು. ಆ ಕೆಲಸಕ್ಕೆ ಬೇರೆಯವರ ಕೈ ತಾಗಿಸಿದ್ದಿಲ್ಲ. ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿದಳು.

"ಏನ್ರೀ ಇದು, ತಲೆ ತಗ್ಗಿಸ್ಕೊಂಡು ನಿಂತಿದೆ? ಬೈದ್ರಾ ಅದಕ್ಕೆ?"

ಫೆಬ್ರುವರಿ ೧೮, ಭಾನುವಾರ

ಬದಲಾವಣೆ ಅಂದರೆ ಇದು. ಗಾಳಿ ನನ್ನ ಬೆನ್ನ ಮೇಲಿಂದ ನೀರಿನ ಹಾಗೆ ಜಾರಿಹೋಗುತ್ತಿತ್ತು. ಸೇತುವೆಯವರೆಗೆ ಕ್ಯಾಪ್ಟನ್ನನ ಚಕ್ರ ಬಿಡಲಿಲ್ಲ. ಅವನು ತಿರುಗಿ ನೋಡಿ ಹುಬ್ಬು ಹಾರಿಸಿದ. ಅವನ ಹುಬ್ಬು ಹಾರುವುದೆಂದರೆ ಬೇರೆಯವರು ಚಪ್ಪಾಳೆ ತಟ್ಟಿದ ಹಾಗೆ.

ಗ್ರಾಂ ಸಹ ಮೆಚ್ಚಿದ. ಗ್ರಾಂ ನಮ್ಮ ಗುಂಪಿನ ತೂಕದ ಅಧಿಕಾರಿ. ಅಡುಗೆಮನೆಯ ತಕ್ಕಡಿಯಲ್ಲಿ ಸೈಕಲ್ಲಿನ ಒಂದೊಂದು ಮೊಳೆಯನ್ನೂ ತೂಗಿ ಬದಲಿಸುವವನು. ಈ ವಾರ ಸೀಟಿನ ಬೋಲ್ಟು ಬದಲಿಸಿ ನಾಲ್ಕು ಗ್ರಾಂ ಉಳಿಸಿದನಂತೆ. ಅಂಗಿಯ ಗುಂಡಿ ಕೀಳುವ ಹಾಗೆ ಉಬ್ಬಿರುವ ಅವನ ಹೊಟ್ಟೆಯನ್ನು ಎಲ್ಲರೂ ನೋಡಿದರು, ಆಮೇಲೆ ಬೋಲ್ಟನ್ನು ಹೊಗಳಿದರು.

ಬಲಗೈಯ ಕಿರುಬೆರಳು ಸ್ವಲ್ಪ ಜೋಮು ಹಿಡಿದಿತ್ತು. ಮನೆಗೆ ಬಂದು ಬಿಸಿನೀರಲ್ಲಿ ಅದ್ದಿದ ಮೇಲೆ ಹೋಯಿತು.

ಮಾರ್ಚ್ ೩, ಭಾನುವಾರ

ಜೋಮು ಪಕ್ಕದ ಬೆರಳಿಗೂ ಬಂದಿದೆ. ಬಿಸಿನೀರಿಗೆ ಈಗ ಹೋಗುವುದಿಲ್ಲ. ಚಹಾದಂಗಡಿಯಲ್ಲಿ ಹೇಳಿದೆ. ಹೇಳಿದ್ದೇ ತಡ, ಪ್ರತಿಯೊಬ್ಬನೂ ವೈದ್ಯನಾದ. ಒಬ್ಬ ಜೆಲ್ ಇರುವ ಗ್ಲೋವ್ಸ್ ಅಂದ. ಒಬ್ಬ ಹ್ಯಾಂಡಲ್ಲಿಗೆ ಎರಡು ಸುತ್ತು ಟೇಪ್ ಅಂದ. ಗ್ರಾಂ ಮಾತ್ರ ಟೇಪಿನ ತೂಕ ನೆನೆದು ಮುಖ ಸಿಂಡರಿಸಿದ.

ತೀರ್ಪು ಕ್ಯಾಪ್ಟನ್ನನದು. "ಕಾರ್ಬನ್ ಹ್ಯಾಂಡಲ್ ಹಾಕಿಸು. ರಸ್ತೆ ನಡುಕಾನೆಲ್ಲ ಅದೇ ಕುಡಿಯುತ್ತೆ. ಜೋಮು ಎಲ್ರಿಗೂ ಬರುತ್ತೆ ಹಲ್ಲು, ಮೈ ಹೊಂದಿಕೊಳ್ಳೋವರೆಗೂ. ಬಾಗೋದನ್ನ ಬೆನ್ನು ಕಲೀತಿದೆ, ಕೈ ಅಳ್ತಿದೆ. ಅಳ್ಲಿ ಬಿಡು."

ಮೂರನ್ನೂ ಮಾಡಿಸುತ್ತೇನೆ.

ಮಾರ್ಚ್ ೧೨, ಮಂಗಳವಾರ

ಇವತ್ತು ಒಂದು ಕೋರೆಹಲ್ಲು ಕೈಯಿಂದ ಜಾರಿತು. ಕೂರಿಸುವಾಗ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿಯುತ್ತೇವಲ್ಲ, ಹಿಡಿದೇ ಇದ್ದೆ ಅಂದುಕೊಂಡಿದ್ದೆ. ನೆಲದ ಮೇಲೆ ಟಿಣ್ ಅಂದ ಮೇಲೆಯೇ ಗೊತ್ತಾಗಿದ್ದು. ಇವಳು ಮಂಡಿಯೂರಿ ಬೆಂಚಿನ ಕೆಳಗೆ ಹುಡುಕಿ ತೆಗೆದಳು. ಸಂಜೆಯೊಳಗೆ ಇನ್ನೊಮ್ಮೆ ಬಿತ್ತು, ಇನ್ನೊಮ್ಮೆ ಹುಡುಕಿದಳು.

"ಹಲ್ಲು ಉದುರೋದು ಗಿರಾಕಿಗಳಿಗೆ ಸಾಲದು ಅಂತ ನಿಮ್ಮ ಕೈಗೂ ಬಂತಾ?" ಅಂದಳು. ನಕ್ಕೆ. ಆಮೇಲೆ ಅವಳು ನಗಲಿಲ್ಲ. "ಯಾರಿಗಾದ್ರೂ ತೋರ್ಸಿ ರೀ."

ಕಾರ್ಬನ್ ಹ್ಯಾಂಡಲ್ಲು ಬಂದಿದೆ. ಕೈಯಲ್ಲಿ ಹಿಡಿದರೆ ಹಕ್ಕಿಯ ಮೂಳೆ ಹಿಡಿದಷ್ಟು ಹಗುರ.

ಮಾರ್ಚ್ ೨೧, ಗುರುವಾರ

ನರದ ಡಾಕ್ಟರು ಒಂದು ಹಾಳೆಯನ್ನು ನನ್ನ ಹೆಬ್ಬೆರಳು, ತೋರುಬೆರಳ ಸಂದಿಗೆ ಕೊಟ್ಟು, ಬಿಡಬೇಡಿ ಅಂದರು. ಬಿಡಲಿಲ್ಲ. ಆದರೂ ಎಲೆ ಕಿತ್ತ ಹಾಗೆ ಎಳೆದುಕೊಂಡರು. ಎಡಗೈಗೆ ಕೊಟ್ಟಾಗ ಹಾಳೆಯೇ ಹರಿಯಿತು.

"ಅಂಗೈ ಬುಡದಲ್ಲಿ ನರ ಒತ್ತಿ ಹೋಗ್ತಿದೆ. ಮೈ ಭಾರ ಎಲ್ಲ ಕೈ ಮೇಲೆ ಬೀಳ್ತಿದೆ ನೋಡಿ. ಹ್ಯಾಂಡಲ್ ಎತ್ತರಿಸಿ, ಇಲ್ಲಾ ಸೈಕಲ್ ಬಿಡಿ. ಈಗ ಮಾಡಿದ್ರೆ ಕೈ ವಾಪಸ್ ಬರುತ್ತೆ. ತಡ ಮಾಡಿದ್ರೆ ಬೆರಳ ಸಂದಿಯ ಮಾಂಸ ಕರಗಿ ಹೋಗುತ್ತೆ. ಅದನ್ನ ತರೋದು ನನ್ನ ಕೈಲೂ ಇಲ್ಲ." ಆಮೇಲೆ ಕೇಳಿದರು, "ನಿಮ್ಮ ಕೆಲಸ ಏನು?" ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

ಇವಳು ಪಕ್ಕದಲ್ಲೇ ಕೂತಿದ್ದಳು.

ಮಾರ್ಚ್ ೨೩, ಶನಿವಾರ

ಮೆಕ್ಯಾನಿಕ್ ಹತ್ತಿರ ಹೋದೆ. ಕೊಳವೆ ಕೊಯ್ದಾಗಿದೆ, ಈಗೇನು ಮಾಡೋದು ಅಂದೆ. ಅವನಿಗೆ ನಗು ಬಂತು, ನುಂಗಿಕೊಂಡ. ಹ್ಯಾಂಡಲ್ ಹಿಡಿದಿರುವ ಆ ತುಂಡು ಕೆಳಮುಖವಾಗಿ ಇದೆಯಂತೆ. ಅದನ್ನು ಬಿಚ್ಚಿ ಮಗುಚಿ ಹಾಕಿದರೆ ಮೇಲ್ಮುಖವಾಗುತ್ತದೆ, ಹ್ಯಾಂಡಲ್ಲು ಮೂರು ಬೆರಳು ಮೇಲೆ ಬರುತ್ತದೆ. ಹೊಸದೇನೂ ಕೊಳ್ಳಬೇಕಿಲ್ಲ. ನಾನು ಪೇಪರ್ ತಿರುವಿ ಹಾಕುವಷ್ಟರಲ್ಲಿ ಮಾಡಿ ಮುಗಿಸಿದ.

ಸಂಜೆ ಒಂದು ಸುತ್ತು ಹೋಗಿ ಬಂದೆ. ಕೈ ಮೇಲೆ ಭಾರವೇ ಇಲ್ಲ. ಸುತ್ತಲ ಮರಗಳೆಲ್ಲ ಕಂಡವು. ಇವಳು ಬಾಗಿಲಲ್ಲೇ ನಿಂತು ಕಾಯುತ್ತಿದ್ದಳು. "ಈಗ ಮನುಷ್ಯನ ಹಾಗೆ ಕಾಣ್ತೀರ," ಅಂದಳು. ಅಷ್ಟು ಸರಳವಾಗಿತ್ತು ಎಂಬುದೇ ನಂಬಲಾಗುತ್ತಿಲ್ಲ.

ಮಾರ್ಚ್ ೨೪, ಭಾನುವಾರ

ಇವತ್ತಿನದನ್ನು ಬೇಗ ಬರೆದು ಮುಗಿಸುತ್ತೇನೆ.

ವೃತ್ತದ ಹತ್ತಿರ ಎಲ್ಲರೂ ಸೇರಿದ್ದರು. ಕ್ಯಾಪ್ಟನ್ ನನ್ನ ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. "ಏನ್ ಹಲ್ಲು, ಸೈಕಲ್ ಸಲಾಂ ಹೊಡೀತಿದೆ ಎಲ್ಲರಿಗೂ?"

"ಮನೆ ಮನೆಗೆ ಹಾಲು ಹಾಕೋಕೆ ಶುರು ಮಾಡಿದ್ದಾರೆ," ಅಂದ ಗ್ರಾಂ. "ಕ್ಯಾನು ಎಲ್ಲಿ ಸಾರ್?"

ಯಾರೋ ಹಿಂದಿನಿಂದ ಗಂಟೆಯ ಸದ್ದು ಮಾಡಿದರು. ಡಾಕ್ಟರು ಹೇಳಿದ್ದನ್ನು ಹೇಳಲು ಬಾಯಿ ತೆರೆದೆ. ಮೊದಲ ಮಾತಿಗೇ ಇನ್ನೊಂದು ನಗೆ ಎದ್ದಿತು. ನಾನೂ ಜೊತೆಗೆ ನಕ್ಕೆ. ಏನು ಮಾಡುವುದು, ಅಲ್ಲಿ ನಗದೆ ನಿಲ್ಲಲು ಆಗುವುದಿಲ್ಲ.

"ಇನ್ನೊಂದು ತಿಂಗಳು ಹಲ್ಲು ಕಚ್ಕೊಂಡು ತಡ್ಕೋ," ಅಂದ ಕ್ಯಾಪ್ಟನ್, ಹೆಗಲ ಮೇಲೆ ಕೈ ಹಾಕಿ. "ಈ ವೇಷದಲ್ಲಿ ಗುಡ್ಡ ಹತ್ತಿದ್ರೆ ನಿನಗೂ ಅವಮಾನ, ನಮಗೂ."

ರಸ್ತೆ ಬದಿಯಲ್ಲೇ ಬೋಲ್ಟು ಬಿಚ್ಚುವ ಕೀಲಿ ತೆಗೆದು ತುಂಡನ್ನು ಮತ್ತೆ ಮಗುಚಲು ಹೊರಟೆ. ಕೀಲಿ ತಿರುಗಿಸಲು ಬೆರಳಿಗೆ ಬಲ ಬರಲಿಲ್ಲ. ಗ್ರಾಂ ಬಂದು ತಿರುಗಿಸಿಕೊಟ್ಟ. ಒಳ್ಳೆಯವನೇ ಅವನು.

ಒಂದು ತಿಂಗಳು ತಾನೆ. ಪಂದ್ಯ ಮುಗಿದ ಮರುದಿನ ಎತ್ತರಿಸುತ್ತೇನೆ. ಇವಳಿಗೆ ಹೇಳಿಲ್ಲ. ಸೈಕಲ್ಲನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದ್ದೇನೆ.

ಏಪ್ರಿಲ್ ೯, ಮಂಗಳವಾರ

ಅವಳಿಗೆ ಗೊತ್ತಾಗಿದೆ. ಜಗಳವಾಡಲಿಲ್ಲ. ನನ್ನ ಕುರ್ಚಿಯನ್ನು ಪಕ್ಕಕ್ಕೆ ಎಳೆದು ಬೆಂಚಿಗೆ ಕೂತು ಮೇಣ ಬಿಸಿ ಮಾಡಿದಳು. "ಹೇಗೆ ಕೂರಿಸೋದು ಹೇಳಿ, ನಾನು ಕೂರಿಸ್ತೀನಿ. ಸೆಟ್ ನಾಳೆ ಕೊಡಬೇಕು."

ಹೇಳಿಕೊಟ್ಟೆ. ಕೈ ಇನ್ನೂ ಒರಟು. ಮುಂದಿನ ಹಲ್ಲುಗಳನ್ನು ಪೊಲೀಸರ ಸಾಲಿನ ಹಾಗೆ ನಿಲ್ಲಿಸುತ್ತಾಳೆ. ಏನೇ ಆದರೂ ತಾತ್ಕಾಲಿಕ.

ಏಪ್ರಿಲ್ ೧೪, ಭಾನುವಾರ

ಗುಡ್ಡದ ಐದನೇ ತಿರುವಿನವರೆಗೂ ಕ್ಯಾಪ್ಟನ್ ಜೊತೆ. ಕೈ ಇದೆಯೋ ಇಲ್ಲವೋ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ನೋವೂ ಇಲ್ಲ. ಒಂದು ಲೆಕ್ಕಕ್ಕೆ ಅನುಕೂಲವೇ.

ಏಪ್ರಿಲ್ ೨೮, ಭಾನುವಾರ

ಗೆದ್ದೆ.

ಏಳೂ ತಿರುವು ಕ್ಯಾಪ್ಟನ್ನನ ಚಕ್ರಕ್ಕೆ ನನ್ನ ಚಕ್ರ ಅಂಟಿಕೊಂಡಿತ್ತು. ಕೊನೆಯ ತಿರುವಿನಲ್ಲಿ ಅವನು ಎದ್ದು ನಿಂತು ತುಳಿದ, ನಾನು ಏಳಲಿಲ್ಲ, ಬಾಗಿಯೇ ತುಳಿದೆ. ತುದಿಯಲ್ಲಿ ಇಬ್ಬರ ನಡುವೆ ಒಂದು ಅಂಗೈ ಅಂತರ. ಅವನೇ ಇಳಿದು ಬಂದು ಅಪ್ಪಿಕೊಂಡ. "ಇನ್ನು ನೀನು ಬಾಲ ಅಲ್ಲಪ್ಪ." ಗ್ರಾಂ ಫೋಟೋ ತೆಗೆದ. ನನ್ನ ಬಲಗೈಯನ್ನು ಹ್ಯಾಂಡಲ್ಲಿನಿಂದ ಬಿಡಿಸಲು ಎಡಗೈ ಬೇಕಾಯಿತು. ಫೋಟೋದಲ್ಲಿ ಅದು ಕಾಣುವುದಿಲ್ಲ.

ಇವಳಿಗೆ ತೋರಿಸಿದೆ. ನೋಡಿ, ಫೋನು ವಾಪಸ್ ಕೊಟ್ಟು, "ಊಟ ಮಾಡಿ," ಅಂದಳು. ಒಂದು ಒಳ್ಳೆಯ ಮಾತು ಆಡಿದ್ದರೆ ಅವಳ ಗಂಟೇನು ಹೋಗುತ್ತಿತ್ತು?

ಮೇ ೨, ಗುರುವಾರ

ಹೆಬ್ಬೆರಳು, ತೋರುಬೆರಳ ನಡುವೆ ಹಿಂಬದಿಗೆ ಒಂದು ಗುಳಿ ಬಿದ್ದಿದೆ. ಮುಷ್ಟಿ ಹಿಡಿದರೆ ಉಬ್ಬಬೇಕಾದ ಜಾಗ. ಬೆಳಿಗ್ಗೆ ಮುಖ ತೊಳೆಯುವಾಗ ಅದರಲ್ಲಿ ನೀರು ನಿಂತಿತ್ತು.

ಡಾಕ್ಟರ ಹತ್ತಿರ ಹೋಗಿಲ್ಲ. ಏನು ಹೇಳುತ್ತಾರೆಂದು ಗೊತ್ತು. ಹ್ಯಾಂಡಲ್ಲು ಎತ್ತರಿಸಿಲ್ಲ. ಸಾಲಿನ ಮುಂದೆ ಹೋಗುವ ಮೊದಲ ವಾರವೇ ಸಲಾಂ ಹೊಡೆಯುವ ಸೈಕಲ್ಲು ಒಯ್ಯಲಾಗುತ್ತದೆಯೇ?

ಮೇ ೧೨, ಭಾನುವಾರ

ಸಾಲಿನ ಮುಂದೆ ನಾನು. ಮುಂದಿರುವವನ ಕೆಲಸ ಗಾಳಿ ಸೀಳುವುದು ಮಾತ್ರವಲ್ಲ. ಹಿಂದಿನವರಿಗೆ ಬರೀ ಚಕ್ರ ಕಾಣುತ್ತದೆ, ರಸ್ತೆ ಕಾಣುವುದಿಲ್ಲ. ಗುಂಡಿ ಬಂದರೆ ಮುಂದಿರುವವನು ಒಂದು ಕೈ ಬಿಟ್ಟು ಕೆಳಗೆ ತೋರಿಸಬೇಕು. ಆ ಕೈ ನಂಬಿ ಉಳಿದವರು ಬರುತ್ತಾರೆ.

ಕಲ್ಲುಕೋರೆಯ ಇಳಿಜಾರಿನಲ್ಲಿ ಗುಂಡಿ ಬಂತು. ಎಡಗೈ ಬಿಟ್ಟರೆ ಬಲಗೈ ಒಂದೇ ಹಿಡಿದಿರಬೇಕು, ಅದು ಹಿಡಿಯುವುದಿಲ್ಲ. ಬಲಗೈ ತೋರಿಸೋಣವೆಂದರೆ ಬೆರಳು ಹ್ಯಾಂಡಲ್ಲಿನಿಂದ ಬೇಗ ಬಿಡಿಸಿಕೊಳ್ಳುವುದಿಲ್ಲ. "ಗುಂಡಿ" ಎಂದು ಕೂಗಿದೆ. ಗಾಳಿ ಒಯ್ದುಬಿಟ್ಟಿತು. ಗ್ರಾಂ ಬಿದ್ದ. ಮೊಣಕೈ ಕಿತ್ತು ರಕ್ತ ಸುರಿಯಿತು. ಅವನ ಮುಂಚಕ್ರ ಎಂಟರ ಆಕಾರಕ್ಕೆ ತಿರುಚಿಕೊಂಡಿತ್ತು.

"ಕೈ ಯಾಕೆ ತೋರಿಸ್ಲಿಲ್ಲ?" ಅಂದ ಕ್ಯಾಪ್ಟನ್.

"ಆಗ್ಲಿಲ್ಲ."

ಅವನು ನನ್ನ ಕೈ ನೋಡಿದ. ಗುಳಿಯನ್ನು ಚೆನ್ನಾಗಿಯೇ ನೋಡಿದ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, ಮೆತ್ತಗೆ, "ಸ್ವಲ್ಪ ದಿನ ನೀನು ಹಿಂದೆ ಇರು ಹಲ್ಲು," ಅಂದ.

ಮೇ ೨೦, ಸೋಮವಾರ

ದೊಡ್ಡಾಸ್ಪತ್ರೆಯ ದಂತವೈದ್ಯರು ಫೋನ್ ಮಾಡಿದರು. ನಾನೇ ಎತ್ತಿದೆ.

"ನೀವು ಕಳಿಸಿದ ಸೆಟ್ ಹಾಕ್ಕೊಂಡು ಅಜ್ಜಿ ಕನ್ನಡಿ ನೋಡಿ ಅತ್ತುಬಿಟ್ರು ಕಣ್ರೀ. ಇದು ನನ್ನ ಹಳೇ ಬಾಯೇ ಅಂದ್ರು. ಇನ್ಮೇಲೆ ಮುಂದಿನ ಹಲ್ಲಿಂದೆಲ್ಲ ನಿಮ್ಮ ಮನೆಯವರೇ ಮಾಡ್ಲಿ."

ವಿಚಾರಿಸಿದರೆ, ಇವಳು ಆ ಅಜ್ಜಿಯ ಹಳೇ ಫೋಟೋ ತರಿಸಿಕೊಂಡು, ಅದರಲ್ಲಿದ್ದ ಹಾಗೆ ಒಂದು ಹಲ್ಲನ್ನು ಕೊಂಚ ಓರೆಯಾಗಿ ಕೂರಿಸಿದ್ದಳಂತೆ. ಓರೆ ಹಲ್ಲು ಕೂರಿಸುವುದು ಯಾವ ದೊಡ್ಡ ವಿದ್ಯೆ? ನಾನು ಇಷ್ಟು ವರ್ಷ ನೆಟ್ಟಗೆ ಕೂರಿಸಿದ್ದಕ್ಕೆ ಯಾರೂ ಅತ್ತಿರಲಿಲ್ಲ.

"ನನ್ನ ಬೆಂಚು ಹಿಡ್ಕೊಂಡೆ," ಅಂದೆ ಅವಳಿಗೆ.

ಅವಳು ಚಾಕುವಿನ ಮೇಣ ಒರೆಸುತ್ತ ತಲೆಯೆತ್ತಲಿಲ್ಲ. "ಬಿಟ್ಟು ಹೋಗಿದ್ರಿ. ಖಾಲಿ ಇತ್ತು, ಕೂತೆ."

ಪ್ಲಾಸ್ಟರ್ ಕಲಸಲು ಗಟ್ಟಿ ಬೆರಳು ಬೇಕಿಲ್ಲ. ಅದನ್ನು ನಾನು ಮಾಡುತ್ತಿದ್ದೇನೆ. ಯಾರಾದರೂ ಮಾಡಬೇಕಲ್ಲ.

ಜೂನ್ ೧೮, ಮಂಗಳವಾರ

ಸೈಕಲ್ಲು ಗೋಡೆಗೆ ಒರಗಿದೆ. ಕರಗಿದ ಮಾಂಸ ಇನ್ನು ವಾಪಸ್ ಬರುವುದಿಲ್ಲ ಅಂದರು ಡಾಕ್ಟರು.

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಚಿಕ್ಕದಾಗಿ ಬರೆಯಲು ಬರುವುದಿಲ್ಲ. ಅದಕ್ಕೆ ಕಡಿಮೆ ಬರೆಯುತ್ತೇನೆ.

ಜುಲೈ ೧೪, ಭಾನುವಾರ

ಎಡಗೈ ಈಗ ಕೊಂಚ ಪಳಗಿದೆ, ಇವತ್ತು ಹೆಚ್ಚು ಬರೆಯುತ್ತೇನೆ. ಗುಂಪಿಗೆ ಹೊಸಬರೊಬ್ಬರು ಸೇರಿದ್ದಾರೆ, ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಅವರ ತಾಯಿಯ ಸೆಟ್ಟು ಇವಳೇ ಮಾಡಿದ್ದು. ತೆಗೆದುಕೊಂಡು ಹೋಗಲು ನಿನ್ನೆ ಬಂದವರು ಸುಮ್ಮನಿರದೆ, ಕ್ಯಾಪ್ಟನ್ ಬಳೆ ತೆಗೆಸು ಅಂತಿದ್ದಾರೆ, ಕೊಯ್ಸೋಣ ಅಂತಿದ್ದೀನಿ ಅಂದರು. ಅವರು ಹೋದ ಮೇಲೆ ಇವಳು ನನ್ನೆದುರು ಬಂದು ನಿಂತಳು.

"ನಾಳೆ ಚಹಾದಂಗಡಿಗೆ ಹೋಗಿ. ಆ ಮೇಷ್ಟ್ರಿಗೆ ಕೈ ತೋರ್ಸಿ, ನಡೆದಿದ್ದು ಹೇಳಿ. ಅವರದೂ ಬೆರಳಲ್ಲಿ ಬದುಕೋ ಕೆಲಸ. ಇಷ್ಟು ಮಾಡಿ, ಬೇರೇನೂ ಕೇಳಲ್ಲ ನಿಮ್ಮನ್ನ."

ನಡೆದುಕೊಂಡೇ ಹೋದೆ. ಎಲ್ಲರೂ ಎದ್ದು ಜಾಗ ಮಾಡಿಕೊಟ್ಟರು. ಎಷ್ಟು ದಿನ ಆಯಿತು ಯಾರಾದರೂ ನನಗೆ ಜಾಗ ಮಾಡಿಕೊಟ್ಟು. ಕ್ಯಾಪ್ಟನ್, "ಬಾರಯ್ಯ ಹಲ್ಲು, ಮೇಷ್ಟ್ರಿಗೆ ಗುಡ್ಡದ ಕಥೆ ಹೇಳು," ಅಂದ.

ಮೊದಲಿಂದ ಶುರು ಮಾಡಿದೆ. ಗರಗಸ ಹಿಡಿದು ನಿಂತ ಮೆಕ್ಯಾನಿಕ್, ಉಗುರಲ್ಲ ಎಂದ ಮಾತು. ನಕ್ಕರು. ಹಾಲಿನ ಕ್ಯಾನು. ಇನ್ನೂ ನಕ್ಕರು. ಡಾಕ್ಟರು ಹಾಳೆ ಎಳೆದುಕೊಂಡದ್ದನ್ನು ಹೇಳುವಾಗ ಮೇಷ್ಟ್ರ ಮುಖ ಗಂಭೀರವಾಯಿತು. ಹೇಳಬೇಕಾದ ಜಾಗ ಅದೇ ಆಗಿತ್ತು. ಆದರೆ ಅಷ್ಟರಲ್ಲಿ ಗುಡ್ಡ ಬಂದುಬಿಟ್ಟಿತು. ಮೊದಲ ತಿರುವು, ಎರಡನೇ ತಿರುವು. ಯಾರೂ ಚಹಾ ಕುಡಿಯುತ್ತಿರಲಿಲ್ಲ, ಎಲ್ಲರ ಕಣ್ಣೂ ನನ್ನ ಮೇಲೆ. ಏಳನೇ ತಿರುವಿಗೆ ಬರುವಾಗ ನನ್ನ ದನಿ ನನಗೇ ಬೇರೆ ಯಾರದೋ ಹಾಗೆ ಕೇಳಿಸುತ್ತಿತ್ತು. ಸತ್ತ ಕೈಯನ್ನು ಹ್ಯಾಂಡಲ್ಲಿಗೆ ಕಟ್ಟಿ ಹಾಕಿದ ಹಾಗೆ ಇಟ್ಟುಕೊಂಡು ತುದಿ ಮುಟ್ಟಿದೆ ಅಂದೆ. ಕೈಯೆತ್ತಿ ಗುಳಿ ತೋರಿಸಿದೆ.

ಗ್ರಾಂ, ಮೊಣಕೈಯ ಕಲೆ ಸವರಿಕೊಳ್ಳುತ್ತ, "ಗಂಡು ಕಣಯ್ಯ ನೀನು," ಅಂದ.

ಮೇಷ್ಟ್ರು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಕೊಯ್ಸಿದ್ದಕ್ಕೆ ಪಶ್ಚಾತ್ತಾಪ ಇದೆಯಾ ಸಾರ್?" ಎಂದು ಕೇಳಿದರು.

ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು.

"ಇಲ್ಲ," ಅಂದೆ.

ಮನೆಗೆ ಬಂದಾಗ ಇವಳು ಬೆಂಚಿನಲ್ಲಿದ್ದಳು. "ಹೇಳಿದ್ರಾ?"

"ಎಲ್ಲ ಹೇಳಿದೆ."

ಜುಲೈ ೧೫, ಸೋಮವಾರ

ಬೆಳಿಗ್ಗೆ ಫೋನಿಗೆ ಒಂದು ಚಿತ್ರ ಬಂತು. ಮೆಕ್ಯಾನಿಕ್ಕನ ಅಂಗಡಿ, ಬಾಗಿಲು ಇನ್ನೂ ಅರ್ಧ ಮಾತ್ರ ಎತ್ತಿದೆ. ಮೇಷ್ಟ್ರು ಶಾಲೆಗೆ ಹೋಗುವ ಮುಂಚೆಯೇ ಬಂದು, ಇಸ್ತ್ರಿ ಮಾಡಿದ ಅಂಗಿಯಲ್ಲಿ ನಿಂತಿದ್ದಾರೆ. ಕೊಯ್ದ ಕೊಳವೆಯ ತುಂಡನ್ನು ಬಲಗೈಯಲ್ಲಿ ಎತ್ತಿ ಹಿಡಿದು ನಗುತ್ತಿದ್ದಾರೆ. ಅವರ ಹಿಂದೆ ಗುಂಪಿನ ಇನ್ನಿಬ್ಬರು, ತಮ್ಮ ತಮ್ಮ ಸೈಕಲ್ಲು ಹಿಡಿದುಕೊಂಡು, ಸರದಿಗೆ ಕಾಯುತ್ತಿದ್ದಾರೆ.